ನಿಂಬವ್ವನ ಹೆಪ್ಪು

ಮಕ್ಕಳೇ, ಹತ್ತಿರ ಬನ್ನಿ. ಇನ್ನೂ ಹತ್ತಿರ. ಇದು ಚಳಿಯ ಕಥೆ. ಒತ್ತಿಕೊಂಡು ಕೂತರೇ ಹೇಳುತ್ತೇನೆ.

ಭೂಮಿಯ ತೀರಾ ತಳದಲ್ಲಿ ಒಂದು ಹಿಮನಾಡು. ಅಲ್ಲೊಂದು ಮನೆ. ಮನೆ ತುಂಬಾ ಹಿಮವನ್ನು ಅಳೆಯುವ, ಹಿಮವನ್ನು ಓದುವ ವಿಜ್ಞಾನಿಗಳು. ಅವರಿಗೆಲ್ಲ ಅಡುಗೆ ಮಾಡಿ ಹಾಕುವವಳು ನಿಂಬವ್ವ. ಆ ಮನೆಯಲ್ಲಿ ಎಣ್ಣೆ ಸುಡುವಂತಿಲ್ಲ, ಹೊಗೆ ಬಿಡುವಂತಿಲ್ಲ. ಬೇಸಿಗೆಯಲ್ಲಿ ಬಿಸಿಲಿನಿಂದ ಕರೆಂಟು. ಚಳಿಗಾಲದಲ್ಲಿ ಸೂರ್ಯ ಮುಖವನ್ನೇ ತೋರಿಸುವುದಿಲ್ಲ. ಆಗ ಗಾಳಿಯಿಂದ ಕರೆಂಟು.

ಚಳಿಗಾಲ ಬಂತು. ನಿಂಬವ್ವ ಗಡಿಗೆಗೆ ಹಾಲು ಹೊಯ್ದಳು. ಹೆಪ್ಪು ಹಾಕಿದಳು. ಇಡೀ ಹಿಮನಾಡಿನಲ್ಲಿ ಉಳಿದಿದ್ದ ಕಡೆಯ ಹೆಪ್ಪು ಅದು. ಅದು ಕೆಟ್ಟರೆ ಹಡಗು ಬರುವ ತನಕ ಯಾರಿಗೂ ಮೊಸರಿಲ್ಲ. ಅದಕ್ಕೇ ಗಡಿಗೆಯ ಪಕ್ಕ ಪುಟ್ಟ ಬಲ್ಬು ಹಚ್ಚಿಟ್ಟಳು, ಬೆಚ್ಚಗಿರಲಿ ಅಂತ.

ಪಟ್! ಬಲ್ಬು ಆರಿತು.

ನಿಂಬವ್ವ ಬೆಚ್ಚಿಬಿದ್ದಳು.

"ಬಲ್ಬಣ್ಣಾ, ಬಲ್ಬಣ್ಣಾ, ಯಾಕೋ ಆರಿದಿ?"

"ಬ್ಯಾಟರಿ ಕರೆಂಟು ಕೊಡವಲ್ದು, ಯವ್ವಾ. ನಾ ಉರಿಯೂದಿಲ್ಲ."

ನಿಂಬವ್ವ ಬ್ಯಾಟರಿಯ ಹತ್ತಿರ ಓಡಿದಳು.

"ಬ್ಯಾಟರಿಯಕ್ಕಾ, ಕರೆಂಟು ಕೊಡು. ನೀ ಕೊಟ್ಟರ ಬಲ್ಬು ಉರೀತೈತಿ. ಬಲ್ಬು ಉರಿದರ ಗಡಿಗಿ ಬೆಚ್ಚಗಾಗತೈತಿ. ಗಡಿಗಿ ಬೆಚ್ಚಗಾದರ ಮೊಸರಾಗತೈತಿ."

"ನನ್ನ ಹೊಟ್ಟೀನ ಖಾಲಿ! ಗಾಳಿಯಂತ್ರ ತಿರುಗವಲ್ದು. ನಾ ಕೊಡೂದಿಲ್ಲ."

ನಿಂಬವ್ವ ಹೌಹಾರಿದಳು. ಹೊರಗೆ ಗಾಳಿ ಹುಯ್ಯೋ ಎಂದು ಬೀಸುತ್ತಿದೆ! ಯಂತ್ರ ತಿರುಗುವುದಿಲ್ಲ ಅಂದರೇನು?

ಕಂಬಳಿ ಹೊದ್ದಳು. ಹಿಮದಲ್ಲಿ ದಪ್ ದಪ್ ನಡೆದಳು. ಹಳೆಯ ಯಂತ್ರ ಮುರಿದು ಬಿದ್ದಿತ್ತು. ಅದರ ಜಾಗದಲ್ಲಿ ಹೊಸದು ನಿಂತಿತ್ತು. ಬರೀ ನಿಂತಿತ್ತು.

"ಯಂತ್ರಪ್ಪಾ, ತಿರುಗು. ನೀ ತಿರುಗಿದರ ಬ್ಯಾಟರಿ ತುಂಬತೈತಿ. ಬ್ಯಾಟರಿ ತುಂಬಿದರ ಬಲ್ಬು ಉರೀತೈತಿ. ಬಲ್ಬು ಉರಿದರ ಗಡಿಗಿ ಬೆಚ್ಚಗಾಗತೈತಿ. ಗಡಿಗಿ ಬೆಚ್ಚಗಾದರ ಮೊಸರಾಗತೈತಿ."

"ಹೆಂಗ ತಿರುಗಲಿ? ನೋಡಿಲ್ಲಿ, ರೆಕ್ಕಿಗೆ ಕೆಂಪು ಟೇಪು ಬಿಗಿದಾರ! ನನ್ನ ಉದ್ಘಾಟನಿ ಆಗಿಲ್ಲ. ನಾ ತಿರುಗೂದಿಲ್ಲ."

ನಿಂಬವ್ವ ಬಾಯಿ ತೆರೆದಳು. ತೆರೆದ ಬಾಯಿ ಮುಚ್ಚಲಿಲ್ಲ. ಗಾಳಿ ಇದೆ. ರೆಕ್ಕೆ ಇದೆ. ನಡುವೆ ಟೇಪು!

ದಪ್ ದಪ್ ವಾಪಸು ಬಂದಳು. ಮನೆಯ ಯಜಮಾನಿಕೆ ಸಾಹೇಬರದು. ಸಾಹೇಬರು ಕಂಬಳಿಯ ಮೇಲೆ ಕಂಬಳಿ ಹೊದ್ದು ನಡುಗುತ್ತಿದ್ದರು.

"ಸಾಹೇಬ್ರ, ಟೇಪು ಕತ್ತರಿಸ್ರಿ. ಟೇಪು ಹರಿದರ ಯಂತ್ರ ತಿರುಗತೈತಿ. ಯಂತ್ರ ತಿರುಗಿದರ ಬ್ಯಾಟರಿ ತುಂಬತೈತಿ. ಬ್ಯಾಟರಿ ತುಂಬಿದರ ಬಲ್ಬು ಉರೀತೈತಿ. ಬಲ್ಬು ಉರಿದರ ಗಡಿಗಿ ಬೆಚ್ಚಗಾಗತೈತಿ. ಗಡಿಗಿ ಬೆಚ್ಚಗಾದರ ಮೊಸರಾಗತೈತಿ."

"ನಾ-ನಾ-ನಾನಾ?" ಸಾಹೇಬರ ಹಲ್ಲು ಕಟಕಟ ಅಂದವು. "ಮಂತ್ರಿಗಳು ಬಂದು ಕತ್ತರಿಸಬೇಕು! ಅಲ್ಲಿವರೆಗೆ ಯಾರೂ ಮುಟ್ಟೋ ಹಾಗಿಲ್ಲ. ನಾನು ಕತ್ತರಿಸಲ್ಲ."

"ಚಳಿಗೆ ಸತ್ತರೂ?"

"ಸತ್ತರೂ!"

ನಿಂಬವ್ವ ರೇಡಿಯೊ ಹಿಡಿದಳು. ಅದರಲ್ಲಿ ಕೊನೆಯ ಚೂರು ಕರೆಂಟಿತ್ತು.

"ಮಂತ್ರಿಗಳೇ, ಬೇಗ ಬರ್ರಿ. ನೀವು ಬಂದರ ಟೇಪು ಹರೀತೈತಿ. ಟೇಪು ಹರಿದರ ಯಂತ್ರ ತಿರುಗತೈತಿ. ಯಂತ್ರ ತಿರುಗಿದರ ಬ್ಯಾಟರಿ ತುಂಬತೈತಿ. ಬ್ಯಾಟರಿ ತುಂಬಿದರ ಬಲ್ಬು ಉರೀತೈತಿ. ಬಲ್ಬು ಉರಿದರ ಗಡಿಗಿ ಬೆಚ್ಚಗಾಗತೈತಿ. ಗಡಿಗಿ ಬೆಚ್ಚಗಾದರ ಮೊಸರಾಗತೈತಿ."

"ಬರ್ತೀನಮ್ಮಾ, ಬರ್ತೀನಿ! ಹಾರ, ಶಾಲು ರೆಡಿ ಇಡಿ. ಆದ್ರೆ ವಿಮಾನ ಇಳಿಯೋ ಜಾಗದಲ್ಲಿ ದೀಪಾನೇ ಇಲ್ವಂತೆ! ಮೊದಲು ದೀಪ ಹಚ್ಚಿ. ಕತ್ತಲೆಗೆ ನಾನು ಬರಲ್ಲ."

"ದೀಪಾನಾ?" ನಿಂಬವ್ವ ಬೆರಳು ಮಡಚಿ ಎಣಿಸತೊಡಗಿದಳು. "ದೀಪ ಹಚ್ಚಾಕ ಬ್ಯಾಟರಿ ತುಂಬಬೇಕು. ಬ್ಯಾಟರಿ ತುಂಬಾಕ ಯಂತ್ರ ತಿರುಗಬೇಕು. ಯಂತ್ರ ತಿರುಗಾಕ ಟೇಪು ಹರೀಬೇಕು. ಟೇಪು ಹರಿಯಾಕ ನೀವು ಬರಬೇಕು. ನೀವು ಬರಾಕ ದೀಪ ಹಚ್ಚಬೇಕು. ದೀಪ ಹಚ್ಚಾಕ..."

ಗಿರ್ರ್! ಯಂತ್ರ ತಿರುಗಲಿಲ್ಲ. ನಿಂಬವ್ವನ ತಲೆ ತಿರುಗಿತು.

"ಅಯ್ಯಯ್ಯೋ! ಬೀಸೂ ಗಾಳಿ ನಿಮ್ಮ ಕತ್ತರಿಗೆ ಕಾಯಬೇಕಾ?"

"ಹೌದು ಮತ್ತೆ!" ಅಂದರು ಸಾಹೇಬರು.

ನಿಂಬವ್ವ ಗಡಿಗೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಈರುಳ್ಳಿ ಹೆಚ್ಚುವ ಚಾಕು ತೆಗೆದುಕೊಂಡಳು. ದಪ್ ದಪ್ ನಡೆದಳು.

"ಬೇಡ ನಿಂಬವ್ವಾ! ಬೇಡ!" ಸಾಹೇಬರು ಕಂಬಳಿ ಎಳೆದುಕೊಂಡು ಹಿಂದೆಯೇ ಓಡಿದರು.

ಕರ್ರ್!

ಟೇಪು ಹರಿಯಿತು. ಟೇಪು ಹರಿದದ್ದೇ ಯಂತ್ರ ತಿರುಗಿತು. ಯಂತ್ರ ತಿರುಗಿದ್ದೇ ಬ್ಯಾಟರಿ ತುಂಬಿತು. ಬ್ಯಾಟರಿ ತುಂಬಿದ್ದೇ ಬಲ್ಬು ಉರಿಯಿತು. ಬಲ್ಬು ಉರಿದದ್ದೇ ಗಡಿಗೆ ಬೆಚ್ಚಗಾಯಿತು. ಗಡಿಗೆ ಬೆಚ್ಚಗಾದದ್ದೇ ಮೊಸರಾಯಿತು. ಗಟ್ಟಿ ಮೊಸರು! ಮೊದಲು ಒಂದು ಚಮಚ ಹೆಪ್ಪಿಗೆ ಎತ್ತಿಟ್ಟಳು. ಉಳಿದದ್ದನ್ನು ಎಲ್ಲರಿಗೂ ಬಡಿಸಿದಳು.

ರೇಡಿಯೊ ಕರ್‌ಕರ್ ಅಂತು. ಮಂತ್ರಿಗಳು!

"ಏನ್ರೀ, ವಿಮಾನ ಇಳಿಯೋ ಜಾಗದಲ್ಲಿ ದೀಪ ಹತ್ತಿದೆಯಂತೆ! ಉದ್ಘಾಟನೆ ಯಾರು ಮಾಡಿದ್ರು?"

ಸಾಹೇಬರ ಬಾಯಿ ತುಂಬ ಮೊಸರನ್ನ.

"ಹಸಿದವ್ರು ಮಾಡೇವ್ರಿ," ಅಂದಳು ನಿಂಬವ್ವ. "ನೀವೂ ಬರ್ರಿ, ಉಂಡು ಹೋಗ್ರಿ. ಕತ್ತರಿ ಮಾತ್ರ ತರಬ್ಯಾಡ್ರಿ!"