ತಾಯಿಬಾಗಿಲ ದಿಬ್ಬ

ಹಿರೇಮರಡಿಯ ಪಡುವಣ ದಿಕ್ಕಿಗೆ, ಬಂಡೆಗಳ ನಡುವೆ ಎದ್ದಿರುವ ಏರಿಗೆ ತಾಯಿಬಾಗಿಲ ದಿಬ್ಬವೆಂದು ಹೆಸರು. ಹೆಸರು ಕೇಳಿ ಹಣ್ಣುಕಾಯಿ ಹಿಡಿದು ಬಂದವರು ಅಮ್ಮನವರ ಗುಡಿಗಾಗಿ ಹುಡುಕಿ ದಣಿಯುತ್ತಾರೆ. ಗುಡಿಯಿಲ್ಲ. ಇರುವುದು ಸುಣ್ಣ ಬಳಿದ ಒಂದು ಫ್ರೀಮೇಸನ್ ಲಾಡ್ಜ್. ತಂಗುವ ಲಾಡ್ಜ್ ಅಲ್ಲ. ಊರಿನ ಹಳೆಯ ಹೈಸ್ಕೂಲಿನಲ್ಲಿ ಓದಿದವರು, ಜಾತಿಮತ ನೋಡದೆ ಅಣ್ಣತಮ್ಮಂದಿರಂತೆ ಕೂಡಿ, ಕಷ್ಟದಲ್ಲಿದ್ದವರಿಗೆ ನೆರವಾಗುತ್ತೇವೆಂದು ಪ್ರಮಾಣ ಮಾಡಿ ಕಟ್ಟಿಕೊಂಡ ಸಭಾಗೃಹ. ಅದರ ವಿಧಿಗಳು ಗುಟ್ಟು. ದೇವರನ್ನು ಅವರು ವಿಶ್ವದ ಮಹಾಶಿಲ್ಪಿ ಎನ್ನುತ್ತಾರೆ. ನಮ್ಮ ಶಿವನನ್ನೇ ಅವರು ಆ ಹೆಸರಿನಿಂದ ಕರೆದರೆಂದು ನಾನು ನಂಬಿದ್ದೇನೆ.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯಲ್ಲಿ, ಈ ಬಾಗಿಲಿಗೆ ಹಂಪಯ್ಯನೆಂಬವನು ಕಾವಲಿದ್ದ. ಅವನೂ ಆ ಶಾಲೆಯಲ್ಲಿ ಓದಿದವನೇ. ಸಭೆ ಮುಗಿಯುವ ತನಕ ಹಿರಿದ ಕತ್ತಿ ಹಿಡಿದು ಹೊರಗೆ ನಿಲ್ಲುವುದು, ಬಳಗದವರಲ್ಲದವರನ್ನು ಬಿಡದಿರುವುದು ಅವನ ಕೆಲಸ. ಹಾಗೆಂದು ಕೊರಳ ಇಷ್ಟಲಿಂಗದ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ತಡವಾಗಿ ಬಂದ ಸದಸ್ಯ ತಾನೇ ಬಾಗಿಲು ಬಡಿಯಬೇಕು. ಆ ಬಡಿತಕ್ಕೊಂದು ಗುಟ್ಟಿನ ಲಯವಿತ್ತು. ಲಯ ತಪ್ಪಿದರೆ ಹೊರಗಿನವರು ಬಂದಿದ್ದಾರೆಂದು ತಿಳಿದು, ಒಳಗಿನವರು ಅಗುಳಿ ಜಡಿದು ಉಸಿರೆತ್ತದೆ ಕೂರುತ್ತಿದ್ದರು.

ಒಂದು ಬೇಸಿಗೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಿಪ್ಪವ್ವನೆಂಬ ಮುದುಕಿ ಏರು ಹತ್ತಿ ಓಡಿ ಬಂದಳು. ಹೆರಿಗೆಗೆಂದು ತವರಿಗೆ ಬಂದ ಮಗಳು ಗಂಗವ್ವನಿಗೆ ಮುಂಜಾನೆಯಿಂದ ನೋವು. ಕೂಸು ಅಡ್ಡ ತಿರುಗಿತ್ತು. ಊರಿಗಿದ್ದ ಒಬ್ಬರೇ ಡಾಕ್ಟರ್ ದೇವಪುತ್ರಪ್ಪ ಒಳಗೆ ಸಭೆಯಲ್ಲಿದ್ದರು. ಹಂಪಯ್ಯ ತಡೆಯುವಷ್ಟರಲ್ಲಿ ಅವಳು ಎರಡೂ ಕೈಯಿಂದ ಬಾಗಿಲು ಗುದ್ದಿದಳು. ಒಳಗೆ ಅಗುಳಿ ಬಿದ್ದ ಸದ್ದಾಯಿತು, ಮಾತು ನಿಂತಿತು.

"ಗುದ್ದಬ್ಯಾಡವ್ವಾ! ನೀ ಗುದ್ದಿದಷ್ಟೂ ಅವರು ಬಿಗೀತಾರ. ಸಭಿ ಮುಗೀಲಿ, ನಾನ ಹೇಳ್ತೀನಿ."

"ಮುಗಿಯೂದು ಸಭಿಯೋ, ನನ್ನ ಮಗಳೋ?" ಎಂದಳು ತಿಪ್ಪವ್ವ. "ಆ ಕತ್ತಿ ಯಾರಿಗೋ ಯಪ್ಪಾ? ನನಗೇನು? ಹೊಡದಬಿಡು, ಇಲ್ಲಾ ಡಾಕ್ಟರನ್ನ ಕೊಡು."

ಹಂಪಯ್ಯನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಂದ ಬಂಡೆಗೆ, ಬಂಡೆಯಿಂದ ಬಾಗಿಲಿಗೆ ತಿರುಗಾಡಿದ. ಕೂಗಿ ಕರೆದ, ಒಳಗಿನವರು ಅದನ್ನೂ ಅಪಾಯದ ಸೂಚನೆಯೆಂದೇ ಎಣಿಸಿ ಸುಮ್ಮನಾದರು. ಲಿಂಗವನ್ನು ಮುಟ್ಟಿಕೊಂಡ, ಕೈ ತೆಗೆದ, ಮತ್ತೆ ಮುಟ್ಟಿಕೊಂಡ. ಕತ್ತಲು ದಿಬ್ಬದ ಬುಡಕ್ಕೆ ಬಂದು ನಿಂತಿತ್ತು. ಕೊನೆಗೆ, ಶಿವನೇ ನುಡಿಸಿದನೆಂದು ನಾನು ಹೇಳುವೆ, ಕತ್ತಿಯನ್ನು ಬಂಡೆಯ ಮೇಲಿಟ್ಟು, ಬರಿಗೈಯಿಂದ ಅದೇ ಬಂಡೆಯ ಮೇಲೆ ಆ ಗುಟ್ಟಿನ ಲಯವನ್ನು ಬಡಿದು ತೋರಿಸಿದ. "ಹಿಂಗ ಬಡಿ ತಾಯಿ. ಒಳಗ ಹೋಗಬೇಕಾದವರ ಬಡೀಬೇಕು."

ತಿಪ್ಪವ್ವ ಬಡಿದಳು. ಅಗುಳಿ ಸರಿಯಿತು. ಬಳಗದ ಗುರುತಾದ ಬಿಳಿಯ ಏಪ್ರನ್ ಕಟ್ಟಿ ಸಾಲಾಗಿ ಕುಳಿತ ಗಂಡಸರ ಮುಂದೆ, ಸೆರಗು ಜಾರಿದ ಮುದುಕಿ ನಿಂತಿದ್ದಳು. ಡಾಕ್ಟರು ಒಂದು ಮಾತೂ ಕೇಳದೆ ಆ ಏಪ್ರನ್‌ನಲ್ಲೇ ದಿಬ್ಬ ಇಳಿದು ಓಡಿದರು.

ಗಂಗವ್ವ ಉಳಿದಳು. ಕೂಸು ಉಳಿಯಲಿಲ್ಲ.

ಆಣೆ ಮುರಿದವನ ವಿಚಾರಣೆಗೆ ಬಳಗ ಮತ್ತೆ ಸೇರಿತು. ಹಂಪಯ್ಯನ ಪರ ಮಾತಾಡಲು ಎದ್ದ ಡಾಕ್ಟರು, ಇನ್ನೊಂದು ಸ್ವಲ್ಪ ಮೊದಲೇ ಹೋಗಿದ್ದರೆ ಕೂಸೂ ಉಳಿಯುತ್ತಿತ್ತು ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಅಧ್ಯಕ್ಷ ರಾಘವಾಚಾರ್ಯರು, "ತಪ್ಪು ಒಪ್ಪುತ್ತೀಯಾ ಹಂಪಯ್ಯ?" ಎಂದರು.

"ಒಪ್ಪತೀನ್ರಿ. ಮುರಿಯೂದಕ್ಕ ತಡಾ ಮಾಡಿದೆ."

ಕತ್ತಿಯನ್ನು ಅವರ ಮುಂದಿಟ್ಟು ಅವನು ಹೊರಟುಹೋದ. ಅಧ್ಯಕ್ಷರು ಅದನ್ನೆತ್ತಿ, ಇನ್ನು ಕಾವಲು ಯಾರದೆಂದು ಕೇಳುತ್ತ ಒಬ್ಬೊಬ್ಬರ ಮುಂದೂ ಹಿಡಿದರು. ನನ್ನ ಪಾಳಿಯಲ್ಲಿ ಅವಳಂಥವಳು ಬಂದರೆ ಎಂದನೊಬ್ಬ. ಯಾರೂ ಕೈ ಚಾಚಲಿಲ್ಲ. ಅಂದಿನಿಂದ ಅಲ್ಲಿ ಕಾವಲಿಲ್ಲ ಎನ್ನುತ್ತಾರೆ.

ಇಂದಿಗೂ ಸಭೆಯ ಸಂಜೆ ದಿಬ್ಬ ಹತ್ತಿದವರು ನೋಡಬಹುದು: ಬಾಗಿಲು ಹಾರುಹೊಡೆದಿರುತ್ತದೆ, ಗುಟ್ಟಿನ ವಿಧಿಗಳು ಗಾಳಿಗೆ ಕೇಳುತ್ತಿರುತ್ತವೆ. ಕೇಳಲೆಂದು ಯಾರೂ ನಿಲ್ಲುವುದಿಲ್ಲ. ಆದರೆ ದಾರಿಹೋಕರ ಹೆಜ್ಜೆ ಕೊಂಚ ಬಿರುಸಾದರೂ ಸಾಕು, ಒಳಗೆ ಮಂತ್ರ ಅರ್ಧಕ್ಕೇ ನಿಲ್ಲುತ್ತದೆ; ಕುಳಿತವರೆಲ್ಲ ಬಾಗಿಲ ಕಡೆ ತಿರುಗಿ, ಎದ್ದು ನಿಂತಿರುತ್ತಾರೆ.