ಚಿಕ್ಕೈದ ಕಾದ ಕಾಂಕ್ರೀಟ್ ಹಾದಿ

ಬುದ್ಧಿವಂತರ ಕತೆ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು, ಇವತ್ತು ಚಿಕ್ಕೈದನ ಕತೆ ಕೇಳಿ. ಮಂಡ್ಯದ ಅಂಚಿನ ಬಡಾವಣೆಯಲ್ಲಿ ನಿಂಗಾಜಮ್ಮ ಅಂತ ಒಬ್ಬಳು, ಅವಳಿಗೊಬ್ಬನೇ ಮಗ ಈ ಚಿಕ್ಕೈದ. ಮೂವತ್ತು ತುಂಬಿತ್ತು, ಮೀಸೆ ಸೊಂಪಾಗಿ ಬಂದಿತ್ತು, ಬುದ್ಧಿಗೆ ಮಾತ್ರ ಬರಲು ಇನ್ನೂ ಪುರುಸೊತ್ತಾಗಿರಲಿಲ್ಲ. ಹೋದ ಮಳೆಗಾಲ ಮನೆ ಮುಂದಿನ ಕೆಸರಲ್ಲಿ ಜಾರಿ ನಿಂಗಾಜಮ್ಮ ಕೈ ಮುರಿದುಕೊಂಡಿದ್ದಳು. ಇನ್ನೊಂದು ಸಲ ಬೀಳಬಾರದು ಅಂತ ಗೇಟಿಂದ ಬಾಗಿಲವರೆಗೆ ಕಾಂಕ್ರೀಟ್ ಹಾಕಿಸಿದಳು.

ಗಾರೆ ಮೇಸ್ತ್ರಿ ಹೋಗುವಾಗ, ಕಾಂಕ್ರೀಟು ಬಿರುಕು ಬಿಡದ ಹಾಗೆ ಸುತ್ತ ಮಣ್ಣಿನ ಬದು ಕಟ್ಟಿ ಗದ್ದೆ ಥರ ನೀರು ನಿಲ್ಲಿಸು ಅಂದ. ಚಿಕ್ಕೈದ ಬದು ಕಟ್ಟಿದ, ನೀರು ನಿಲ್ಲಿಸಿದ, ಒಂದು ಕಟ್ಟು ಭತ್ತದ ಪೈರು ತಂದು ನಾಟಿಗೂ ಕೂತ. ಪೈರು ನಿಲ್ಲುತ್ತಿಲ್ಲ ಅಂತ ಬೇಜಾರೂ ಪಟ್ಟ. ತಾಯಿ ಹಣೆ ಚಚ್ಚಿಕೊಂಡಳು. ನಾಟಿ ಬೇಡ ಕಣಪ್ಪ, ನೀರು ಮಾತ್ರ ಹಾಕು, ಏಳು ದಿನ ಒಂದು ಹೊತ್ತೂ ತಪ್ಪಿಸಬೇಡ ಅಂದಳು.

ಮಗ ತಪ್ಪಿಸಲಿಲ್ಲ. ನಾಲ್ಕನೇ ದಿನ ಧೋ ಅಂತ ಮಳೆ ಸುರಿಯಿತು. ಚಿಕ್ಕೈದ ಕೊಡೆ ಹಿಡಿದು ನಿಂತು ಪೈಪಲ್ಲಿ ನೀರು ಬಿಟ್ಟ. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು, ಇಂಥ ಶ್ರದ್ಧೆ ಯಾರಿಗುಂಟು! ಮಳೆ ಬರೋ ಹಂಗಿದ್ದರೆ ಮೊದಲು ಟಾರ್ಪಾಲು ಹೊದಿಸು, ಆಮೇಲೆ ಮಿಕ್ಕ ಕೆಲಸ ಅಂತ ತಾಯಿ ಬೈದಳು.

ತಿಂಗಳಾಯಿತು, ಕಾಂಕ್ರೀಟು ಗಟ್ಟಿಯಾಯಿತು. ಅದು ನೀರು ಹೀರದ ಹಾಗೆ ಮೇಲೆ ಬಳಿಯುವ ಸೀಲರ್ ಡಬ್ಬ ಮನೆಗೆ ಬಂತು. ಚಿಕ್ಕೈದ ಬ್ರಷ್ ಹಿಡಿದು ಆಕಾಶ ನೋಡಿದ, ಮೋಡ ಕಂಡಿತು. ಮೊದಲು ಟಾರ್ಪಾಲು ಹೊದಿಸಿದ. ಆಮೇಲೆ ಅರ್ಧ ಡಬ್ಬ ಸೀಲರನ್ನು ಆ ಟಾರ್ಪಾಲಿಗೇ ಬಳಿದ. ಮಂಡ್ಯದಲ್ಲಿ ಅಷ್ಟು ಭದ್ರವಾದ ಟಾರ್ಪಾಲು ಇನ್ನೊಂದಿರಲಿಲ್ಲ.

ನಿಂಗಾಜಮ್ಮನಿಗೆ ಅಳುವೇ ಬಂತು. “ಟಾರ್ಪಾಲು ತೆಗೆದು ಬರೀ ಕಾಂಕ್ರೀಟಿಗೆ ಬಳಿಯೋ ನನ್ನಪ್ಪ. ಒಣಗೋಗಂಟ ಯಾರನ್ನೂ ಕಾಲಿಡಕ್ಕೆ ಬಿಡಬ್ಯಾಡ. ನಾನೇ ಬಂದ್ರೂ ಬಿಡಬ್ಯಾಡ.”

ಈ ಸಲ ಚಿಕ್ಕೈದ ನೀಟಾಗಿ ಬಳಿದ. ನೋಡಿದ ತಾಯಿಗೇ ನಂಬಿಕೆ ಬರಲಿಲ್ಲ. ಎರಡು ದಿನ ದೊಣ್ಣೆ ಹಿಡಿದು ಕಾದ. ಹಾಲಿನವನು ಗೇಟಿನಾಚೆಯಿಂದಲೇ ಪಾಕೀಟು ಎಸೆದು ಹೋದ.

ಮೂರನೇ ದಿನ ಬೆಳಗ್ಗೆಯಿಂದ ಮಳೆ ಹಿಡಿಯಿತು. ರೇಷನ್ನಿಗೆ ಹೊರಟ ನಿಂಗಾಜಮ್ಮ, ಅಂತೂ ಕೆಸರು ತುಳಿಯದೆ ಹೋಗುವ ದಿನ ಬಂತಲ್ಲ ಅಂತ ಖುಷಿಯಿಂದ ಕಾಲು ನೀಡಿದಳು. ಮಗ ದೊಣ್ಣೆ ಅಡ್ಡ ಹಿಡಿದ. ಬಗ್ಗಿ ಕಾಂಕ್ರೀಟು ಮುಟ್ಟಿ ನೋಡಿದ.

“ಇನ್ನೂ ಹಸಿ ಅದೆ ಕಣವ್ವ.”

“ಅದು ಮಳೆನೀರು ಕಣ್ಲಾ.”

“ಏನಾದ್ರೇನು, ಒಣಗಿಲ್ವಲ್ಲ. ನಾನೇ ಬಂದ್ರೂ ಬಿಡಬ್ಯಾಡ ಅಂದಿದ್ದೆ ನೀನು.”

ಬೇಗ ಒಣಗಲಿ ಅಂತ ಅವ್ವನ ಕೈಯ ಕೊಡೆ ಕಿತ್ತುಕೊಂಡು ಕಾಂಕ್ರೀಟಿಗೆ ಹಿಡಿದ. ನಿಂಗಾಜಮ್ಮ ನೆನೆಯುತ್ತಾ ಕಾದಳು, ಬೈದಳು, ಕಡೆಗೆ ಪಕ್ಕದ ಕೆಸರಿಗೇ ಇಳಿದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಧೊಪ್ಪನೆ ಕೂತಳು. ಏಳಲು ಆಸರೆಗೆ ಕಾಂಕ್ರೀಟಿನ ಕಡೆ ಕೈ ಚಾಚಿದಳು. ಚಿಕ್ಕೈದ ಗಾಬರಿಯಿಂದ ಓಡಿ ಬಂದು ದೊಣ್ಣೆ ಅಡ್ಡ ಹಿಡಿದ.

“ಆ ಕಡೆ ಕೈ ಊರವ್ವ. ಈ ಕಡೆ ಹಸಿ ಅದೆ.”