ನಾಯಕರ ನಾಯಿ ಹಿಡಿದ ಕಳ್ಳ

"ನಮ್ಮ ರಣಧೀರ ಮನುಷ್ಯರ ಮನಸ್ಸನ್ನೇ ಓದುತ್ತಾನೆ. ಅವನು ಕಚ್ಚಿದವನು ಕಳ್ಳ, ಸಂಶಯವೇ ಬೇಡ!" ಎಂದು ಪಾಳೆಯಗಾರ ಕೆಂಚಣ್ಣ ನಾಯಕರು ಮೀಸೆ ತಿರುವಿದರು.

ರಣಧೀರ ಎಂದರೆ ಗದ್ದುಗೆಯ ಪಕ್ಕದಲ್ಲಿ ಬಾಲ ಮುದುರಿಕೊಂಡು ನಡುಗುತ್ತಿದ್ದ ನಾಯಿ. ಅದನ್ನು ತಂದು ಇನ್ನೂ ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಅರ್ಧ ಊರು ಕಳ್ಳರಾಗಿತ್ತು!

ಅಂದಿನ ಕಳ್ಳ ಬಳೆಗಾರ ಸಿದ್ಲಿಂಗ. ಹೆಗಲಿಗೆ ಬಳೆಯ ಮಲಾರ ಹೊತ್ತು ಬಂದವನು ಪದ್ಧತಿಯಂತೆ ನೆಲ ಮುಟ್ಟುವಷ್ಟು ಬಾಗಿ ಮುಜುರೆ ಮಾಡಿದ್ದ. ಬಳೆಗಳು ಗಲ್ಲೆಂದವು, ನಾಯಿ ಹಾರಿ ಮೊಣಕೈಗೆ ಬಾಯಿ ಹಾಕಿತು.

"ಇವನ ಬಲಗೈ ಕಡಿಯಿರಿ!"

"ಬುದ್ಧೀ, ಕೈ ಹೋದರೆ ಬಳೆ ಹೇಗೆ ತೊಡಿಸಲಿ? ಹೆಂಡತಿ ಮಕ್ಕಳು ಉಪವಾಸ ಸಾಯ್ತಾರೆ!" ಎಂದು ಸಿದ್ಲಿಂಗ ಗೋಳಿಟ್ಟ.

ಆಸ್ಥಾನದ ಹಾಸ್ಯಗಾರ ಓಬಳಯ್ಯ ತಿಂಗಳೊಪ್ಪತ್ತು ಮಗಳ ಮನೆಯಲ್ಲಿದ್ದು ಆಗ ತಾನೇ ಮರಳಿದ್ದ. ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದವನು ಮುಂದೆ ಬಂದ.

"ಇವನು ಕದ್ದದ್ದೇನು ಪ್ರಭು?"

"ಏನೋ ಒಂದು ಕದ್ದಿರುತ್ತಾನೆ. ಇಲ್ಲದಿದ್ದರೆ ಕದಿಯುವವನಿದ್ದ."

"ಆಹಾ, ಎಂಥ ನ್ಯಾಯ! ಸಾಕ್ಷಿಗೆ ನಾಲ್ಕು ಕಾಲು, ತೀರ್ಪಿಗೆ ಒಂದು ಬಾಲ! ಹಾಗಾದರೆ ನನ್ನನ್ನೂ ಪರೀಕ್ಷೆ ಮಾಡಲಿ. ಅದು ನನ್ನ ಮುಖವನ್ನೇ ಕಂಡಿಲ್ಲ."

"ಕಚ್ಚಿದರೆ ನಿನ್ನ ಕೈಯೂ ಹೋಗುತ್ತದೆ, ಜೋಕೆ!"

"ಕಚ್ಚದಿದ್ದರೆ?"

"ನೀನು ಸತ್ಯವಂತ. ಕೇಳಿದ್ದು ಕೊಡುತ್ತೇನೆ."

ಓಬಳಯ್ಯ ಹಿತ್ತಲ ಕಡೆ ಒಂದು ಸುತ್ತು ಹೋಗಿ ಬಂದ. ಬಾಗಲಿಲ್ಲ, ನಾಯಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಓರೆಯಾಗಿ ನಡೆದು, ಅದಕ್ಕೆ ಬೆನ್ನು ಹಾಕಿ ಕೂತು ಆಕಳಿಸಿದ. ನಾಯಿ ಹಿಂದಿನಿಂದ ಗುರ್ ಎಂದಾಗಲೂ ಕದಲಲಿಲ್ಲ. ಮಡಿಲಿನಿಂದ ಏನೋ ಒಂದು ಚೂರು ಪಕ್ಕಕ್ಕೆ ಉದುರಿಸಿದ. ನಾಯಿ ಮೂಸಿತು, ತಿಂದಿತು. ಇನ್ನೊಂದು ಚೂರಿಗೆ ಹತ್ತಿರ ಬಂತು. ಕೊನೆಗೆ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿಯೇ ಬಿಟ್ಟಿತು.

"ನೋಡಿದಿರಾ! ಓಬಳಯ್ಯ ಸತ್ಯವಂತ!" ಎಂದರು ನಾಯಕರು.

"ಹಾಗಾದರೆ ಸತ್ಯವನ್ನೇ ಹೇಳುತ್ತೇನೆ ಪ್ರಭು. ಅದು ತಿಂದದ್ದು ನಿಮ್ಮ ಊಟಕ್ಕೆಂದು ಬೇಯಿಸಿಟ್ಟಿದ್ದ ಕುರಿಯ ತೊಡೆ. ಈಗ ತಾನೇ ನಿಮ್ಮ ಅಡುಗೆಮನೆಯಿಂದ ಕದ್ದೆ."

ನಾಯಕರ ಕೈ ಮೀಸೆಯ ಮೇಲೇ ನಿಂತುಹೋಯಿತು.

"ಮತ್ತೆ ಬಳೆಗಾರನನ್ನು ಯಾಕೆ ಕಚ್ಚಿತು?"

"ಹೆದರಿ ಪ್ರಭು. ಗುರುತಿಲ್ಲದವನು ಸದ್ದು ಮಾಡುತ್ತ ಮೈಮೇಲೆ ಬಾಗಿದರೆ ಅದಕ್ಕೆ ಪ್ರಾಣಭಯ."

"ರಣಧೀರನಿಗೆ ಭಯವೇ? ನನ್ನ ಆಸ್ಥಾನದಲ್ಲಿ?"

"ಇಲ್ಲಿ ಭಯವಿಲ್ಲದವರು ಯಾರಿದ್ದಾರೆ? ನಾವೆಲ್ಲ ಹೆದರಿ ಬಾಗುತ್ತೇವೆ. ಪಾಪ, ಅದಕ್ಕೆ ಬಾಗಲು ಬಾರದು, ಕಚ್ಚುತ್ತದೆ."

ಸಭೆಯವರೆಲ್ಲ ನಾಯಕರ ಮುಖ ನೋಡಿದರು. ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೆದ್ದೆಯಪ್ಪಾ! ಏನು ಬೇಕು, ಕೇಳು."

"ಬಳೆಗಾರನ ಬಲಗೈ ಪ್ರಭು. ಅವನ ಹೆಗಲಲ್ಲೇ ಇರಲಿ."

ಸಿದ್ಲಿಂಗ ಕಣ್ಣೀರು ಒರೆಸಿಕೊಂಡು ಮುಜುರೆ ಮಾಡಲು ಮುಂದೆ ಬಂದ.

"ಏಯ್, ಬಾಗಬೇಡವೋ! ನೆಟ್ಟಗೆ ನಡಿ!" ಎಂದು ನಾಯಕರೇ ಕೂಗಿಕೊಂಡರು.